ಕೊಳಗ ಯಾರ ಕೈಯಲ್ಲಿದೆ?

ಹೋದ ಮುಂಗಾರಿಗೆ ಮೊದಲು ಹೊಸನಗರದ ಕಡೆ ಒಂದು ಸಭಾಭವನದಲ್ಲಿ ನಡೆದ ಕಾರ್ಯಾಗಾರಕ್ಕೆ ನಾವೂ ಹೋಗಿದ್ದೆವು. ಹವಾಮಾನ ಬದಲಾವಣೆಯನ್ನು ಸಣ್ಣ ರೈತರು ಎದುರಿಸುವುದು ಹೇಗೆ ಎಂಬುದು ವಿಷಯ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಪಾಯಸದ ಊಟ, ನಡುವೆ ಪರದೆಯ ಮೇಲೆ ಬಣ್ಣಬಣ್ಣದ ನಕಾಶೆಗಳು. ಮಾತನಾಡಿದವರು ಒಳ್ಳೆಯ ಮನಸ್ಸಿನವರು, ಓದಿಕೊಂಡವರು. ಕೊನೆಗೆ ಎಲ್ಲರ ಕೈಗೂ ಒಂದು ಅರ್ಜಿ ನಮೂನೆ ಬಂತು. ಹೆಸರು, ಊರು, ಫೋನ್ ನಂಬರಿನ ನಂತರದ ಕಾಲಂ ‘ಸರ್ವೆ ನಂಬರ್ ಮತ್ತು ಪಹಣಿಯ ವಿವರ’. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಎದ್ದು ನಿಂತರು. ಮಳೆಗಾಲದಲ್ಲಿ ಗದ್ದೆ ನೆಟ್ಟಿ, ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಕೆಲಸ ಮಾಡುವವರು. ಹಿನ್ನೀರಿನ ದಂಡೆಯಲ್ಲಿ ಗಂಡ ಮಾಡಿದ ಎರಡು ಎಕರೆಯ ಸಾಗುವಳಿ ಇದೆ, ಕಾಗದ ಇಲ್ಲ. ಅವರು ಕೇಳಿದ್ದು ಇಷ್ಟೆ:

“ಸಾರ್, ಪಾಣಿ ಇಲ್ದೋರು ಎಲ್ಲಿ ಬರೀಬೇಕು?”

ಸಭೆಯಲ್ಲಿ ಕೆಲವರು ನಕ್ಕರು. ವೇದಿಕೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅಮ್ಮಾ, ಸದ್ಯಕ್ಕೆ ಆ ಕಾಲಂ ಖಾಲಿ ಬಿಡಿ” ಎಂದು ಉತ್ತರ ಬಂತು. ಅವರು ಖಾಲಿ ಬಿಟ್ಟು, ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಬ್ಲೌಸಿನೊಳಗೆ ಸೇರಿಸಿಕೊಂಡು ಬಸ್ಸಿಗೆ ಹೊರಟರು.

ಖಾಲಿ ಉಳಿದ ಆ ಕಾಲಂ ಬಗ್ಗೆಯೇ ನಾವು ಇಲ್ಲಿ ಮಾತನಾಡಬೇಕಾಗಿದೆ. ಮಲೆನಾಡಿನ ಸಣ್ಣ ರೈತನಿಗೆ ನೆರವು ಎಂಬ ಹೆಸರಿನಲ್ಲಿ ಸರ್ಕಾರಗಳು, ಬ್ಯಾಂಕುಗಳು, ಸಂಘ ಸಂಸ್ಥೆಗಳು ಮಾಡುತ್ತಿರುವ ಕೆಲಸವೆಲ್ಲ ಪಹಣಿಯ ಬೆನ್ನು ಹತ್ತಿ ಹೋಗುತ್ತದೆ. ಮಳೆಯಾದರೋ ಪಹಣಿ ನೋಡಿ ಸುರಿಯುವುದಿಲ್ಲ. ಕಾಗದವಿಲ್ಲದವನ ಗದ್ದೆಯನ್ನು ಅದು ಮೊದಲು ಕೊಚ್ಚಿಕೊಂಡು ಹೋಗುತ್ತದೆ, ಏಕೆಂದರೆ ಅವನಿಗೆ ಸಿಕ್ಕಿರುವುದೇ ಹೊಳೆಯಂಚು, ಗುಡ್ಡದ ಇಳಿಜಾರು, ಹಿನ್ನೀರಿನ ದಂಡೆ.

ಮಳೆ ಕೆಟ್ಟಿದೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ಲು ನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳು. ನಮ್ಮ ಜನ ಮಳೆಗೆ ಹೆದರಿದವರಲ್ಲ. ಮಳೆಯ ನಕ್ಷತ್ರಗಳ ಲೆಕ್ಕದಲ್ಲೇ ಬಿತ್ತನೆ, ನಾಟಿ, ಮದುವೆ ಮುಂಜಿಗಳನ್ನು ಹೊಂದಿಸಿಕೊಂಡು ಬದುಕಿದವರು. ಈಗ ಆ ಲೆಕ್ಕ ತಪ್ಪಿದೆ. 2018 ಮತ್ತು 2019ರಲ್ಲಿ ನೆರೆ, ಗುಡ್ಡ ಕುಸಿತ. 2023ರಲ್ಲಿ ಜೂನ್ ಒಣಗಿತು; ಆ ವರ್ಷದ ಆಗಸ್ಟ್ 1901ರಿಂದ ಇತ್ತ ದೇಶ ಕಂಡ ಅತ್ಯಂತ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಮರುವರ್ಷ ಜುಲೈಯಲ್ಲಿ ಬಿಡುವಿಲ್ಲದ ಮಳೆ.

ಅಡಿಕೆ ತೋಟದಲ್ಲಿ ಇದರ ಅರ್ಥ ಏನೆಂಬುದು ತೋಟದ ಕೆಲಸ ಮಾಡಿದವರಿಗೆ ಗೊತ್ತು. ಕೊಳೆರೋಗ ಇಲ್ಲಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ, 1910ರ ಸುಮಾರಿಗೆ, ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿಯನ್ನು ರೂಢಿಗೆ ತಂದರು. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಮುಂಗಾರು ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಈ ಲೆಕ್ಕ ನಡೆಯಬೇಕಾದರೆ ಮಳೆ ನಡುವೆ ಎರಡು ದಿನವಾದರೂ ಹೊಳವು ಕೊಡಬೇಕು. ಅದು ಕೊಡದಿದ್ದರೆ ಮದ್ದು ಹೊಡೆಯಲಾಗುವುದಿಲ್ಲ, ಹೊಡೆದರೂ ತೊಳೆದುಹೋಗುತ್ತದೆ. ಕಾಯಿ ಕೊಳೆತು ಉದುರುತ್ತದೆ. ಇದರ ಮೇಲೆ ಈಗ ಕೆಲವು ವರ್ಷಗಳಿಂದ ಎಲೆಚುಕ್ಕಿ ರೋಗ ಹಬ್ಬಿ, ಘಟ್ಟದಂಚಿನ ತೋಟಗಳು ದೂರದಿಂದ ನೋಡಿದರೆ ಬೆಂಕಿ ತಗುಲಿದಂತೆ ಕಾಣುತ್ತವೆ.

ತೋಟದ ಮಾಲೀಕನಿಗೆ ಇದು ನಷ್ಟವೇ, ಅನುಮಾನವಿಲ್ಲ. ಎರಡು ಎಕರೆಯ ಮಾಲೀಕನ ಸಂಕಟವನ್ನು ನಾವು ಹಗುರ ಮಾಡುತ್ತಿಲ್ಲ. ಆದರೆ ಆ ತೋಟದಲ್ಲಿ ಬದುಕುವವನು ಅವನೊಬ್ಬನೇ ಅಲ್ಲ. ಪಾಚಿ ಕಟ್ಟಿದ ಮರ ಹತ್ತಿ ಮದ್ದು ಹೊಡೆಯುವ, ಕೊನೆ ತೆಗೆಯುವ ಕೊನೆಗಾರ ಇದ್ದಾನೆ. ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೂ ಕೂತು, ಚೊಗರಿನಿಂದ ಕಪ್ಪಾದ ಬೆರಳುಗಳಲ್ಲಿ, ಡಬ್ಬಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಸುಲಿಯುವ ಹೆಂಗಸರಿದ್ದಾರೆ. ಫಸಲನ್ನು ಮರದ ಮೇಲೆಯೇ ಮಾತಾಡಿಕೊಂಡು ಮುಂಗಡ ಕೊಟ್ಟ ಚೇಣಿದಾರ ಇದ್ದಾನೆ. ಕಾಯಿ ಉದುರಿದಾಗ ಇವರೆಲ್ಲರ ಹೊಟ್ಟೆಯೂ ಉದುರುತ್ತದೆ. ಪರಿಹಾರದ ಪಟ್ಟಿ ಬಂದಾಗ ಮಾತ್ರ ಅದರಲ್ಲಿ ಒಬ್ಬನ ಹೆಸರೇ ಇರುತ್ತದೆ.

ಅಳತೆಯ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಸಾಗರ ತಾಲ್ಲೂಕಿನ ಕಾಗೋಡು ಎಂಬ ಊರಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಮೊದಲಿಗೆ ಜಮೀನು ಕೇಳಲು ಅಲ್ಲ. ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಒಡೆಯರ ಮನೆಯ ಕೊಳಗ ದೊಡ್ಡದು, ನ್ಯಾಯದ ಕೊಳಗದಲ್ಲಿ ಅಳೆಯಿರಿ ಎಂಬುದು ಅವರ ಬೇಡಿಕೆ. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು, ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು, ಶಾಂತವೇರಿ ಗೋಪಾಲಗೌಡರು ಆ ಹೋರಾಟದ ನಡುವಿನಿಂದಲೇ ಬೆಳೆದು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಹೋದರು. ಗೋಪಾಲಗೌಡರು ತೀರ್ಥಹಳ್ಳಿ ತಾಲ್ಲೂಕಿನ ಆರಗದವರು. ಈ ಮೂರು ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿದ ಹೋರಾಟ ಅದು. ಮುಂದೆ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬರಲು ನೆಲ ಹಸನಾದದ್ದು ಇಲ್ಲಿ. ಒಂದು ಕೊಳಗದ ಜಗಳ ಒಂದು ಕಾನೂನಿನವರೆಗೆ ಹೋಯಿತು.

ಇಂದು ಕೊಳಗ ಬದಲಾಗಿದೆ. ಈಗಿನ ಕೊಳಗದ ಹೆಸರು ಮಳೆಮಾಪಕ.

ಅಡಿಕೆ ಮತ್ತು ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ಬೆಳೆವಿಮೆಯನ್ನು ನೋಡಿ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ. ಅದರ ನೂರಕ್ಕೆ ಐದು, ಅಂದರೆ 6,400 ರೂಪಾಯಿ ರೈತ ಕಟ್ಟಬೇಕು. ಉಳಿದ ಕಂತನ್ನು ಕೇಂದ್ರ, ರಾಜ್ಯ ಸರ್ಕಾರಗಳು ಭರಿಸುತ್ತವೆ. ಕೇಳಲು ಚೆನ್ನಾಗಿದೆ. ಆದರೆ ಈ ವಿಮೆಯಲ್ಲಿ ನಿಮ್ಮ ತೋಟಕ್ಕೆ ಬಂದು ಉದುರಿದ ಕಾಯಿ ಎಣಿಸುವವರು ಯಾರೂ ಇಲ್ಲ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕ ಯಂತ್ರ ಎಷ್ಟು ಮಿಲಿಮೀಟರ್ ಹೇಳಿತು, ಎಷ್ಟು ದಿನ ಹೇಳಿತು ಎಂಬುದರ ಮೇಲೆ ಪರಿಹಾರ ನಿರ್ಧಾರವಾಗುತ್ತದೆ. ಮಲೆನಾಡಿನಲ್ಲಿ ಒಂದು ಗುಡ್ಡದ ಈಚೆ ಸುರಿದ ಮಳೆ ಆಚೆ ಸುರಿಯುವುದಿಲ್ಲ ಎಂಬುದು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಅದರ ಮೇಲೆ, ಯಂತ್ರ ಕೆಟ್ಟು ನಿಂತಿದೆ, ಲೆಕ್ಕ ತಪ್ಪಾಗಿದೆ, ಪಕ್ಕದ ಪಂಚಾಯಿತಿಗೆ ಹಣ ಬಂತು ನಮಗೆ ಬರಲಿಲ್ಲ ಎಂಬ ದೂರುಗಳು. ರೈತ ಕೇಳುವುದು ಕಾಗೋಡಿನವರು ಕೇಳಿದ್ದನ್ನೇ: ಅಳೆಯುವ ಕೊಳಗ ತೋರಿಸಿ. ಅದು ಸರಿಯಾಗಿದೆಯೆ, ನಾವೂ ನೋಡುತ್ತೇವೆ.

ಹೀಗಿದ್ದೂ ಪಹಣಿ ಇರುವವನಿಗೆ ದೂರು ಕೊಡುವಷ್ಟಾದರೂ ಅವಕಾಶವಿದೆ. ಪಹಣಿ ಇಲ್ಲದವನು ವಿಮೆಯ ಬಾಗಿಲಿಗೇ ಹೋಗಲಾರ. ಸಹಕಾರಿ ಸಂಘದ ಬೆಳೆಸಾಲ ಇಲ್ಲ. ನೆರೆ ಪರಿಹಾರ ಇಲ್ಲ. 2019ರಲ್ಲಿ ಆರಂಭವಾದ ಪಿಎಂ ಕಿಸಾನ್‌ನ ವರ್ಷಕ್ಕೆ ಆರು ಸಾವಿರ ರೂಪಾಯಿ ಭೂದಾಖಲೆಯಲ್ಲಿ ಹೆಸರಿರುವ ಕುಟುಂಬಗಳಿಗೆ ಮಾತ್ರ. ರಾಜ್ಯದ ‘ಫ್ರೂಟ್ಸ್’ ನೋಂದಣಿ ಕೂಡ ಸರ್ವೆ ನಂಬರಿಗೆ ಜೋಡಿಸಿದ್ದು. ಉಳುವವನಲ್ಲ, ಪಹಣಿ ಉಳ್ಳವನೇ ರೈತ ಎಂಬ ಹೊಸ ವ್ಯಾಖ್ಯಾನವನ್ನು ಯಾವ ಶಾಸನಸಭೆಯೂ ಚರ್ಚಿಸಿ ಒಪ್ಪಲಿಲ್ಲ. ಅದು ಗಣಕಯಂತ್ರದ ಒಂದು ಕಾಲಂ ಆಗಿ ಸದ್ದಿಲ್ಲದೆ ಬಂದು ಕೂತಿತು.

ಪಹಣಿ ಮಾಡಿಸಿಕೊಳ್ಳಲಿ ಎನ್ನುವವರಿದ್ದಾರೆ. ಅವರಿಗೆ ನಾವು ಶರಾವತಿಯ ಕಥೆ ಹೇಳಬೇಕಾಗುತ್ತದೆ. ಹಿರೇಭಾಸ್ಕರ ಅಣೆಕಟ್ಟು, ಅದರ ನಂತರ 1964ರಲ್ಲಿ ಲಿಂಗನಮಕ್ಕಿ. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಊರು, ತೋಟ, ಗದ್ದೆ, ಗುಡಿ, ಮಸೀದಿ, ಗೋರಿಗಳೆಲ್ಲ ನೀರಿನಡಿಗೆ ಹೋದವು. ಲಾರಿಗಳಲ್ಲಿ ತುಂಬಿ ತಂದು ಕಾಡಿನಂಚಿನಲ್ಲಿ ಇಳಿಸಿ ಹೋದರು ಎಂದು ಹಿರಿಯರು ಇಂದಿಗೂ ಹೇಳುತ್ತಾರೆ. ನಾಡಿಗೆ ಬೆಳಕು ಬಂತು. ಬೆಳಕು ಕೊಟ್ಟವರ ಜಮೀನು ಅರಣ್ಯ ಇಲಾಖೆಯ ನಕಾಶೆಯಲ್ಲಿ ಕಾಡಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ನಕಾಶೆ ತಿದ್ದಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಆ ಒಪ್ಪಿಗೆ ಪಡೆಯದೆ ರಾಜ್ಯ ಸರ್ಕಾರ ಹೊರಡಿಸಿದ ಡಿನೋಟಿಫಿಕೇಶನ್ ಆದೇಶಗಳು 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದವು.

2006ರ ಅರಣ್ಯ ಹಕ್ಕು ಕಾಯ್ದೆಯ ಲೆಕ್ಕವಂತೂ ಇನ್ನೂ ವಿಚಿತ್ರ. ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ವಾಸವಿದ್ದುದಕ್ಕೆ ಪುರಾವೆ ಕೊಡಬೇಕು. ಕಳೆದು ನೋಡಿದರೆ ಅದು 1930ಕ್ಕೆ ಹೋಗುತ್ತದೆ. ಮುಳುಗಡೆಯವರನ್ನು ಸರ್ಕಾರವೇ ಈ ಕಾಡಿಗೆ ತಂದು ಬಿಟ್ಟದ್ದು 1960ರ ಆಚೀಚೆ. ಅದಕ್ಕೆ ಮೊದಲಿನ ಮನೆ, ಬಾವಿ, ಶಾಲೆಯ ಕಲ್ಲುಗಳೆಲ್ಲ ಹಿನ್ನೀರಿನ ತಳದಲ್ಲಿವೆ. ಪುರಾವೆಯನ್ನು ಮುಳುಗಿಸಿದ ಸರ್ಕಾರವೇ ಎದುರಿಗೆ ಕೂತು ಪುರಾವೆ ಎಲ್ಲಿ ಎಂದು ಕೇಳುತ್ತದೆ! ಕಥೆ ಬರೆಯುವ ನಾವು ಇಂಥ ಸನ್ನಿವೇಶವನ್ನು ಕಲ್ಪಿಸಿ ಬರೆದಿದ್ದರೆ, ಉತ್ಪ್ರೇಕ್ಷೆಯಾಯಿತು ಎಂದು ಸಂಪಾದಕರು ಹಿಂದಕ್ಕೆ ಕಳಿಸುತ್ತಿದ್ದರು.

ಕಂದಾಯ ಭೂಮಿಯ ಬಗರ್ ಹುಕುಂ ಸಾಗುವಳಿದಾರರ ಕಥೆಯೂ ಅಷ್ಟೆ. 1991ರಲ್ಲಿ ನಮೂನೆ 50, 1998-99ರಲ್ಲಿ ನಮೂನೆ 53, 2018-19ರಲ್ಲಿ ನಮೂನೆ 57. ಅಪ್ಪ ಹಾಕಿದ ಅರ್ಜಿಯ ಸ್ವೀಕೃತಿ ಚೀಟಿಯನ್ನು ಮಗ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕಾಯುತ್ತಿದ್ದಾನೆ. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸುಮಾರು ಅರವತ್ತು ವರ್ಷದ ಮೇಲೆ, 2025ರ ಜುಲೈಯಲ್ಲಿ, ಬಂತು. ಹಿನ್ನೀರಿನ ಮೇಲೆ ಸೇತುವೆ ಕಟ್ಟಬಹುದು ಎಂದಾದರೆ ಒಂದು ಹಕ್ಕುಪತ್ರ ಬರೆಯಲು ಏನು ಅಡ್ಡಿ?

ಇಲ್ಲಿ ನಮ್ಮ ಮನೆಯ ಮಾತನ್ನೂ ಹೇಳಬೇಕು. ನಮ್ಮ ಅಬ್ಬಾ ಚೇಣಿ ಹಿಡಿಯುತ್ತಿದ್ದವರು. ಮಲೆನಾಡಿನ ಅನೇಕ ಮುಸ್ಲಿಂ ಕುಟುಂಬಗಳಂತೆ ಜಮೀನಿಲ್ಲದೆ ಅಡಿಕೆಯನ್ನೇ ನಂಬಿ ಬದುಕಿದವರು. ಒಂದು ವರ್ಷ ಕೊಳೆ ಬಂದು ಅರ್ಧ ಫಸಲು ನೆಲಕ್ಕೆ ಬಿತ್ತು. ಮಾತಾಡಿದ್ದು ಮಾತಾಡಿದ್ದೇ ಎಂದರು ತೋಟದವರು. ಅಮ್ಮಿಯ ಬಳೆಗಳು ಸೊಸೈಟಿಗೆ ಹೋದವು, ತಿರುಗಿ ಬರಲಿಲ್ಲ. “ಮಳೆ ಬಂದದ್ದಕ್ಕೆ ನಾನು ಯಾರನ್ನು ಸಾಕ್ಷಿ ಕರೀಲಿ?” ಎಂದು ಅಬ್ಬಾ ಆ ರಾತ್ರಿ ಹೇಳಿದ್ದು ನಮಗೆ ನೆನಪಿದೆ. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಈ ತಕ್ಕಡಿಗೆ ಇನ್ನೊಂದು ತಟ್ಟೆಯೂ ಇದೆ. ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾದ ಸಣ್ಣ ಹಿಡುವಳಿದಾರನಿಗೆ ಆಷಾಢದಲ್ಲಿ ಮುಂಗಡ ಕೊಟ್ಟು, ಅವನ ಫಸಲನ್ನು ಅರ್ಧ ಬೆಲೆಗೆ ಕಟ್ಟಿಕೊಂಡ ವ್ಯಾಪಾರಿಗಳು ನಮ್ಮವರಲ್ಲೂ ಇದ್ದಾರೆ. ಮರದ ಮೇಲಿನ ಫಲ ಮಾರಾಟವಾದ ಮೇಲೆ ದೈವಿಕ ವಿಪತ್ತಿನಿಂದ ಹಾಳಾದರೆ ಮಾರಿದವನು ಬೆಲೆ ವಸೂಲಿ ಮಾಡುವುದು ಸಲ್ಲದು ಎಂಬ ಹದೀಸ್ ಇದೆ. ಅದರ ಮೇಲೆ ಧರ್ಮಶಾಸ್ತ್ರಜ್ಞರು ಶತಮಾನಗಳಿಂದ ಚರ್ಚಿಸಿದ್ದಾರೆ. ಮರುಭೂಮಿಯ ಖರ್ಜೂರದ ತೋಟಗಳಲ್ಲಿ ಹುಟ್ಟಿದ ಈ ವಿವೇಕ ಮಲೆನಾಡಿನ ಅಡಿಕೆ ತೋಟಕ್ಕೆ ಯಾಕೆ ಬರಲಿಲ್ಲ? ನಷ್ಟವನ್ನು ಹಂಚಿಕೊಳ್ಳುವ ಕರಾರು ಕೊಡುವವನಿಗೂ ಕೊಳ್ಳುವವನಿಗೂ ಬೇಕು. ಆ ಕರಾರಿನಲ್ಲಿ ಕೊನೆಗಾರನಿಗೂ ಸುಲಿಯುವವಳಿಗೂ ಒಂದು ಸಾಲು ಇರಬೇಕು.

1974ರ ಕಾನೂನಿನ ನಂತರ ಕರ್ನಾಟಕದಲ್ಲಿ ಗೇಣಿಯೇ ಇಲ್ಲ ಎನ್ನುತ್ತದೆ ಕಾನೂನು. ಸೈನಿಕರಂಥ ಕೆಲವರನ್ನು ಬಿಟ್ಟರೆ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಗೇಣಿದಾರನನ್ನು ಒಡೆಯನನ್ನಾಗಿ ಮಾಡಿದ ಆ ಕಾನೂನಿಗೆ ನಾವು ಋಣಿಗಳು. ಆದರೆ ಇಂದು ಮಕ್ಕಳೆಲ್ಲ ಬೆಂಗಳೂರು, ಅಮೆರಿಕ ಸೇರಿದ ಮನೆಗಳ ಗದ್ದೆಯನ್ನು ಬಾಯಿಮಾತಿನ ಮೇಲೆ ಮಾಡುತ್ತಿರುವವರು ಊರೂರಿನಲ್ಲೂ ಇದ್ದಾರೆ. ಎಲ್ಲಿ ಗೇಣಿ ಹಕ್ಕು ಹುಟ್ಟಿಬಿಡುತ್ತದೋ ಎಂಬ ಹೆದರಿಕೆಯಲ್ಲಿ ಯಾರೂ ಅವರಿಗೆ ಒಂದು ಚೀಟಿಯನ್ನೂ ಬರೆದುಕೊಡುವುದಿಲ್ಲ. ಬೆವರು ಅವರದು, ಗೊಬ್ಬರದ ಸಾಲ ಅವರದು. ನೆರೆ ಬಂದಾಗ ಪರಿಹಾರ ಮಾತ್ರ ಊರಲ್ಲಿಲ್ಲದವರ ಖಾತೆಗೆ ಹೋಗುತ್ತದೆ.

ನಮ್ಮ ಮಾತಿಗೆ ಒಂದು ಆಕ್ಷೇಪ ಬರುತ್ತದೆಂದು ಗೊತ್ತು. ಹೀಗೆ ಎಲ್ಲರಿಗೂ ಹಕ್ಕು ಕೊಡುತ್ತ ಹೋದರೆ ಪಶ್ಚಿಮ ಘಟ್ಟದ ಕಾಡು ಉಳಿಯುತ್ತದೆಯೆ? ಕಾಡಿಲ್ಲದೆ ಮಳೆಯ ಮಾತೆಲ್ಲಿ? ಇದು ಗಂಭೀರವಾದ ಪ್ರಶ್ನೆ, ಪರಿಸರದ ಕಾಳಜಿಯಿಂದ ಕೇಳುವವರನ್ನು ನಾವು ಗೌರವಿಸುತ್ತೇವೆ. ಆದರೆ ಎರಡು ಎಕರೆಯವನನ್ನೂ ನೂರಾರು ಎಕರೆ ಕಾನು, ಗೋಮಾಳ ನುಂಗಿದವನನ್ನೂ ‘ಒತ್ತುವರಿದಾರ’ ಎಂಬ ಒಂದೇ ಪದದಲ್ಲಿ ಕರೆಯುವುದು ಯಾವ ನ್ಯಾಯ? ತೆರವಿನ ಜೆಸಿಬಿ ಮೊದಲು ಯಾರ ಅಂಗಳಕ್ಕೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿದೆ.

ಇನ್ನೊಂದು ಸಂಗತಿಯನ್ನು ಪರಿಸರದ ಮಿತ್ರರು ಗಮನಿಸಬೇಕು. ಕಾಗದ ಇಲ್ಲದ ರೈತ ತನ್ನ ನೆಲದಲ್ಲಿ ಏನು ನೆಡುತ್ತಾನೆ? ಅಡಿಕೆ. ಹಲಸು, ಮಾವು, ಮುರುಗಲು, ಸೊಪ್ಪಿನ ಮರ ನೆಟ್ಟರೆ ಅದನ್ನು ಕಾಡೆಂದು ಬರೆದುಕೊಂಡು ಹೋಗುತ್ತಾರೆ ಎಂಬ ಭಯ ಅವನಿಗೆ. ಸಾಲಾಗಿ ನಿಂತ ಅಡಿಕೆ ಮರವೇ ಸಾಗುವಳಿಯ ಸಾಕ್ಷಿ. ಹಕ್ಕಿಲ್ಲದವನಿಗೆ ನಾಳೆಯೂ ಇಲ್ಲ. ನಾಳೆ ಇಲ್ಲದವನು ಇಪ್ಪತ್ತು ವರ್ಷಕ್ಕೆ ಫಲ ಕೊಡುವ ಮರ ನೆಡುವುದಿಲ್ಲ. ಪಹಣಿ ಇದ್ದವರೂ ಬೆಲೆಯ ಆಸೆಗೆ ಗದ್ದೆಗಳನ್ನೆಲ್ಲ ತೋಟ ಮಾಡಿದರು ಎಂಬುದು ಬೇರೆ ಮಾತು. ಗದ್ದೆ ಎಂದರೆ ಭತ್ತವಷ್ಟೇ ಅಲ್ಲ, ಮಳೆನೀರು ನಿಂತು ಇಂಗುವ ಜಾಗ. ಕೂಲಿಯವರ ಮನೆಗೆ ಅಕ್ಕಿ, ದನಕ್ಕೆ ಹುಲ್ಲು. ಅಡಿಕೆಯಾದರೋ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವೇ 2004ರ ವರದಿಯಲ್ಲಿ ಹೇಳಿರುವ ಬೆಳೆ. ರೋಗ, ಮಳೆ, ಮಾರುಕಟ್ಟೆ, ಕಾನೂನು ನಾಲ್ಕೂ ಒಂದೇ ಮರದ ಬುಡಕ್ಕೆ ಕೊಡಲಿ ಎತ್ತಿರುವಾಗ ಇಡೀ ಮೂರು ತಾಲ್ಲೂಕು ಆ ಒಂದೇ ಮರಕ್ಕೆ ಜೋತುಬಿದ್ದಿದೆ. ಅಡಿಕೆಯ ಜೊತೆಗೆ ಮೆಣಸು, ಏಲಕ್ಕಿ, ಬಾಳೆ, ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಗದ್ದೆ ಎಂಬ ಹಳೆಯ ಜೋಡಣೆ ಮತ್ತೆ ಬರಬೇಕಾದರೆ ರೈತನಿಗೆ ನೆಲದ ಮೇಲೆ ಭರವಸೆ ಬರಬೇಕು. ಆ ಭರವಸೆಯನ್ನು ಕಾರ್ಯಾಗಾರಗಳು ಕೊಡಲಾರವು.

ಇದೆಲ್ಲ ಆಗದ ಮಾತೇನಲ್ಲ. ಆಂಧ್ರಪ್ರದೇಶ 2019ರಲ್ಲೇ ಕಾನೂನು ಮಾಡಿ, ಮಾಲೀಕತ್ವಕ್ಕೆ ಧಕ್ಕೆ ಬಾರದಂತೆ, ಉಳುಮೆ ಮಾಡುವವನಿಗೆ ಹನ್ನೊಂದು ತಿಂಗಳ ಸಾಗುವಳಿ ಕಾರ್ಡು ಕೊಡುವ ವ್ಯವಸ್ಥೆ ತಂದಿತು. ಅದು ಎಲ್ಲರಿಗೂ ತಲುಪಿತೆಂದು ನಾವು ಹೇಳುವುದಿಲ್ಲ, ಆದರೆ ದಾರಿ ಇದೆ ಎಂದು ತೋರಿಸಿತು. ಒಡಿಶಾ ಅದೇ ಹೊತ್ತಿಗೆ ತನ್ನ ‘ಕಾಲಿಯಾ’ ಯೋಜನೆಯಲ್ಲಿ ಪಾಲುದಾರ ರೈತರನ್ನೂ ಭೂಹೀನ ಕೃಷಿ ಕುಟುಂಬಗಳನ್ನೂ ಸೇರಿಸಿಕೊಂಡಿತು. ಗುಜರಾತಿನಲ್ಲಿ ‘ಸೇವಾ’ ಸಂಘಟನೆ ದುಡಿಯುವ ಹೆಂಗಸರಿಗಾಗಿ ಬಿಸಿಲಿನ ವಿಮೆ ಮಾಡಿಸಿತು. 2024ರ ಬೇಸಿಗೆಯಲ್ಲಿ ಶಾಖ ಮಿತಿ ಮೀರಿದಾಗ ಸಾವಿರಾರು ಹೆಂಗಸರ ಖಾತೆಗೆ ಹಣ ಬಂತು. ಅಲ್ಲಿ ಯಾರೂ ಪಹಣಿ ಕೇಳಲಿಲ್ಲ. ಬಿಸಿಲಿಗೆ ಕೂಲಿ ತಪ್ಪಿದ್ದಕ್ಕೆ ಪರಿಹಾರ ಉಂಟಾದರೆ, ಹದಿನೈದು ದಿನ ಬಿಡದೆ ಸುರಿದ ಮಳೆಯಲ್ಲಿ ಮರ ಹತ್ತಲಾಗದ ಕೊನೆಗಾರನಿಗೆ ಯಾಕಿಲ್ಲ?

ಆದ್ದರಿಂದ ನಾವು ಕೇಳುವುದು ಇವಿಷ್ಟು. ಮುಳುಗಡೆ ಸಂತ್ರಸ್ತರ ಮತ್ತು ಬಗರ್ ಹುಕುಂನ ಸಣ್ಣ ಸಾಗುವಳಿದಾರರ ಅರ್ಜಿಗಳು ಚುನಾವಣೆಯಿಂದ ಚುನಾವಣೆಗೆ ಹೊರಳದೆ ಇತ್ಯರ್ಥವಾಗಲಿ. ಹಕ್ಕುಪತ್ರದಲ್ಲಿ ಹೆಂಡತಿಯ ಹೆಸರೂ ಇರಲಿ. ಅಲ್ಲಿಯವರೆಗೆ ಯಾರು ಯಾವ ನೆಲ ಉಳುತ್ತಿದ್ದಾರೆಂದು ಗ್ರಾಮಸಭೆ ಬರೆದು ಕೊಟ್ಟ ಪಟ್ಟಿಗೆ ವಿಮೆ, ಸಾಲ, ಪರಿಹಾರಗಳ ಬಾಗಿಲು ತೆರೆಯಲಿ. ಮಳೆಮಾಪಕದ ದಿನದ ಲೆಕ್ಕವನ್ನು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಲಿ. ಯಂತ್ರ ಕೆಟ್ಟ ದಿನ ಕೆಟ್ಟಿದೆ ಎಂದೂ ಬರೆಯಲಿ. ಬೆಳೆ ಹೋದಾಗ ತೋಟದ ಕೂಲಿಗೂ ಪರಿಹಾರದಲ್ಲಿ ಪಾಲಿರಲಿ. ಇದರಲ್ಲಿ ಕ್ರಾಂತಿಯೇನೂ ಇಲ್ಲ.

ಕ್ರಾಂತಿ ಬೇಕೆನ್ನುವವರು ಹದಿನೇಳನೆಯ ಶತಮಾನಕ್ಕೆ ಹೋಗಬಹುದು. ಇದೇ ಹೊಸನಗರ ತಾಲ್ಲೂಕಿನ ಬಿದನೂರಿನಿಂದ ಆಳಿದ ಕೆಳದಿಯ ಶಿವಪ್ಪನಾಯಕ ಕಂದಾಯ ಗೊತ್ತುಮಾಡುವ ಮೊದಲು ಪ್ರತಿ ಊರಿನಲ್ಲಿ ಒಂದೊಂದು ಬಗೆಯ ನೆಲವನ್ನು ಹಲವು ವರ್ಷ ತನ್ನ ಖರ್ಚಿನಲ್ಲೇ ಸಾಗು ಮಾಡಿಸಿ, ಬೀಜವೆಷ್ಟು ಬೆಳೆಯೆಷ್ಟು ಬೆಲೆಯೆಷ್ಟು ಎಂದು ಲೆಕ್ಕ ಬರೆಸಿದನೆಂದು ಗೆಜೆಟಿಯರ್ ಹೇಳುತ್ತದೆ. ಶಿವಪ್ಪನಾಯಕನ ಶಿಸ್ತು ಎಂದು ನಾವು ಇಂದಿಗೂ ಹೊಗಳುವುದು ಅದನ್ನೇ. ಅರಸನೊಬ್ಬ ತನಗೆ ಬರಬೇಕಾದ ತೆರಿಗೆಗಾಗಿ ಅಷ್ಟು ಶ್ರದ್ಧೆಯಿಂದ ನೆಲಕ್ಕಿಳಿದು ಅಳೆದ. ನಾವೇ ಆರಿಸಿದ ಸರ್ಕಾರಗಳು ಪ್ರಜೆಗೆ ಕೊಡಬೇಕಾದ ಪರಿಹಾರಕ್ಕಾಗಿ ಅಷ್ಟು ಅಳೆಯಲಾರವೆ?

ಸುಗ್ಗಿಯಲ್ಲಿ ಆ ಹೆಂಗಸು ಮತ್ತೆ ನಮಗೆ ಸಿಕ್ಕಿದರು. ಒಂದು ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಫಸಲು ಅರ್ಧ, ಆದ್ದರಿಂದ ಡಬ್ಬವೂ ಅರ್ಧ, ಕೂಲಿಯೂ ಅರ್ಧ. ಅರ್ಜಿ ಏನಾಯಿತು ಎಂದು ಕೇಳಿದೆವು. ಕತ್ತಿಯಿಂದ ಕಣ್ಣು ತೆಗೆಯದೆ ಹೇಳಿದರು: “ಖಾಲಿ ಬಿಡಿ ಅಂದ್ರಲ್ಲ ಸಾಯ್ಬ್ರೆ, ಬಿಟ್ಟಿದೀನಿ. ಅವ್ರು ಯಾವಾಗ ತುಂಬ್ತಾರೆ ಅಂತ ಹೇಳ್ಲಿಲ್ಲ.”